ಅಳಿಸಿದಷ್ಟೂ ಬರುತ್ತಿದ್ದ ವಿಮಲ

ದೆವ್ವದ ಕಥೆ ಹೇಳುವವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ದನಿ ತಗ್ಗಿಸಿ, "ನಮ್ಮ ಚಿಕ್ಕಪ್ಪ ಕಣ್ಣಾರೆ ಕಂಡಿದ್ದು" ಎಂದು ಶುರು ಮಾಡಿದರೆ ಸಾಕು, ಕರೆಂಟ್ ಇತ್ತಾ, ಜೊತೆಗೆ ಯಾರಿದ್ದರು, ಚಿಕ್ಕಪ್ಪ ಅವತ್ತು ಏನು ಕುಡಿದಿದ್ದರು ಎಂದು ನಾನು ಕೇಳುತ್ತಿದ್ದೆ. ಕಥೆ ಅಲ್ಲಿಗೆ ಮುಗ್ಗರಿಸುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿಕೊಂಡು ಬಂದವಳು ನಾನು, ಹೆಜ್ಜೆ ತಪ್ಪಿದ ಲೆಕ್ಕ ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. ಈಗ ನನ್ನದೇ ಒಂದು ಸಂಗತಿ ಹೇಳಲು ಹೊರಟಿದ್ದೇನೆ. ನೀವೂ ಅದೇ ಪ್ರಶ್ನೆಗಳನ್ನು ಕೇಳಿ, ನನಗೇನೂ ಬೇಸರವಿಲ್ಲ. ಕರೆಂಟ್ ಇತ್ತು. ಹಾಡಹಗಲು. ಯಾರೂ ಏನೂ ಕುಡಿದಿರಲಿಲ್ಲ.

ಶಿವಮೊಗ್ಗದ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಭದ್ರಾವತಿಯ ಜನ್ನಾಪುರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ಸೆಲ್ವಂ ಒಂದು ವೆಬ್‌ಸೈಟ್ ಮಾಡಿದ. ಸೆಲ್ವಂ ಮತ್ತು ನಾನು ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಂದೇ ಲೈನಿನಲ್ಲಿ ಬೆಳೆದವರು. ನಮ್ಮದು ಮೂರನೇ ಮನೆ, ಅವರದು ಐದನೆಯದು. ಅಲ್ಲಿ ಬೆಳೆದ ಮಕ್ಕಳೆಲ್ಲ ಈಗ ಎಲ್ಲೆಲ್ಲೋ ಇದ್ದಾರೆ, ಅವರವರ ನೆನಪು ಅವರವರೇ ಬರೆದು ಹಾಕಲಿ ಎಂಬುದು ಅವನ ಆಸೆ. ಒಂದೊಂದು ಲೈನಿಗೆ ಒಂದೊಂದು ಪುಟ. ಯಾರು ಬೇಕಾದರೂ ಬಂದು ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು, ಹೆಸರು ಹೇಳಬೇಕೆಂದೂ ಇಲ್ಲ. ಬಾಗಿಲಿಲ್ಲದ ಮನೆ.

ಬಾಗಿಲಿಲ್ಲದ ಮನೆಗೆ ಯಾರು ನುಗ್ಗುತ್ತಾರೆ ಎಂದು ಹೇಳಬೇಕಾಗಿಲ್ಲ. ಮೊದಲ ತಿಂಗಳೇ ಮಾತ್ರೆ ಮಾರುವವರು ಬಂದರು, ಕೈಗಡಿಯಾರ ಮಾರುವವರು ಬಂದರು, ಜೂಜಿನವರು ಬಂದರು. ಯಾವುದೋ ದೇಶದ ಯಂತ್ರಗಳು ನಮ್ಮ ಓಣಿಯ ನೆನಪಿನ ಮಧ್ಯೆ ಬೋಳುತಲೆಯ ಔಷಧಿಯ ಜಾಹೀರಾತು ತುರುಕಿ ಹೋಗುತ್ತಿದ್ದವು. ಅದು ಸಾಲದೆಂದು ನಮ್ಮೂರಿನ ಕಿಡಿಗೇಡಿಗಳೂ ಇದ್ದರು. ಒಬ್ಬ ತನಗಾಗದ ಮೇಷ್ಟ್ರ ಹೆಸರಿನ ಮುಂದೆ ಪ್ರಾಣಿಯ ಹೆಸರು ಸೇರಿಸುವನು, ಇನ್ನೊಬ್ಬ ಇಡೀ ಪುಟ ಅಳಿಸಿ ತನ್ನ ನೆಚ್ಚಿನ ನಟನಿಗೆ ಜೈ ಅನ್ನುವನು. ಸೆಲ್ವಂ ತಲೆ ಚಚ್ಚಿಕೊಂಡು ನನಗೆ ಫೋನ್ ಮಾಡಿದ. "ನೀನು ಕ್ಲಾಸಲ್ಲಿ ಅಷ್ಟು ಮಕ್ಕಳನ್ನ ಸುಮ್ನೆ ಕೂರಿಸ್ತೀಯ. ಇದೊಂದು ನೋಡ್ಕೋ ಮಾರಾಯ್ತಿ."

ಒಪ್ಪಿಕೊಂಡೆ. ಕೆಲಸ ಕಷ್ಟದ್ದಲ್ಲ. ಪ್ರತಿ ಪುಟವೂ ತನ್ನ ಹಳೆಯ ರೂಪಗಳನ್ನೆಲ್ಲ ಇಟ್ಟುಕೊಂಡಿರುತ್ತದೆ. ಯಾರಾದರೂ ಕೆಡಿಸಿದರೆ ಒಂದು ಗುಂಡಿ ಒತ್ತಿದರಾಯಿತು, ಪುಟ ಹಿಂದಿನ ರೂಪಕ್ಕೆ ಮರಳುತ್ತದೆ. ಬದಲಾವಣೆ ಮಾಡಿದವರು ಯಾಕೆ ಮಾಡಿದೆವೆಂದು ಬರೆಯಲು 'ಕಾರಣ' ಎಂಬ ಸಣ್ಣ ಪೆಟ್ಟಿಗೆಯೂ ಇತ್ತು, ಅದನ್ನು ತುಂಬಿ ಎಂದು ಎಲ್ಲರಿಗೂ ಹೇಳಿ ಹೇಳಿ ನನಗೆ ಸಾಕಾಗಿತ್ತು. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಅಂಗಳ ಗುಡಿಸುವ ಹಾಗೆ ಪುಟಗಳನ್ನು ಗುಡಿಸಿ ಶಾಲೆಗೆ ಹೋಗುವುದು ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ನನಗೆ ಅದು ಬಹಳ ಇಷ್ಟವಾಗಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಲೈನಿನ ಪುಟದಲ್ಲೇ ಒಂದು ಹೊಸ ವಾಕ್ಯ ಕಂಡಿತು. 'ಕೊನೆಯ ಮನೆಯಲ್ಲಿ ವಿಮಲ ಮತ್ತು ಅವಳ ತಾಯಿ ಇದ್ದರು.' ನಮ್ಮ ಲೈನಿನ ಕೊನೆಯಲ್ಲಿ ಮನೆಯೇ ಇರಲಿಲ್ಲ. ನೀರಿನ ಪಂಪ್ ಇಟ್ಟಿದ್ದ ಒಂದು ಕೋಣೆ ಇತ್ತು, ನಾವು ಅದನ್ನು ಪಂಪ್ ಮನೆ ಅನ್ನುತ್ತಿದ್ದೆವು, ಯಾವಾಗಲೂ ಬೀಗ. ವಿಮಲ ಎಂಬ ಹುಡುಗಿಯನ್ನು ನಾನು ಕೇಳಿಯೇ ಇರಲಿಲ್ಲ. ಯಾರೋ ಲೈನು ತಪ್ಪಿ ಬರೆದಿದ್ದಾರೆ ಎಂದುಕೊಂಡು ತೆಗೆದುಹಾಕಿದೆ. ಮರುದಿನ ಅದೇ ವಾಕ್ಯ ಮತ್ತೆ ಬಂತು. ತೆಗೆದೆ. ಮತ್ತೆ ಬಂದಾಗ ಜೊತೆಗೆ ಇನ್ನೊಂದು ವಾಕ್ಯವಿತ್ತು. 'ತಾಯಿ ಕೆಲಸಕ್ಕೆ ಹೋದರೆ ವಿಮಲ ಮಧ್ಯಾಹ್ನ ಮೂರನೇ ಮನೆಯಲ್ಲಿ ಊಟ ಮಾಡುತ್ತಿದ್ದಳು.'

ಮೂರನೇ ಮನೆ ನಮ್ಮದು. ನನಗೆ ಸಿಟ್ಟು ನೆತ್ತಿಗೇರಿತು. ಹಾಲಿನಲ್ಲಿ ನಿಂತು ಸೆಲ್ವಂಗೆ ಫೋನ್ ಮಾಡಿ, ವಿಮಲ ಅಂತ ಯಾರಾದರೂ ನೆನಪಿದೆಯಾ ಎಂದು ಕೇಳಿದೆ. "ಪಂಪ್ ಮನೇಲಿ ಹಲ್ಲಿ ಬಿಟ್ರೆ ಯಾರೂ ಇರ್ಲಿಲ್ಲ, ಯಾರೋ ನಿನ್ನ ಆಟ ಆಡಿಸ್ತಿದ್ದಾರೆ" ಎಂದ. ಬರೆಯುವವರ ಹೆಸರಿನ ಜಾಗದಲ್ಲಿ ಅವರ ಕಂಪ್ಯೂಟರಿನ ವಿಳಾಸ, ಅಂದರೆ ಒಂದಷ್ಟು ಅಂಕಿ, ಬರುತ್ತದೆ. ಆ ಅಂಕಿಗಳಿಗೆ ತಡೆ ಹಾಕಿದೆ. ಅಂಕಿ ಬದಲಾಯಿತು. ಕೊನೆಗೆ ರೋಸಿಹೋಗಿ ಆ ಸಾಲಿನ ಅಂಕಿಗಳಿಗೆಲ್ಲ ಒಟ್ಟಿಗೆ ತಡೆ ಹಾಕಿ ಶಾಲೆಗೆ ಹೋದೆ. ಮಧ್ಯಾಹ್ನ ಸೆಲ್ವಂ ಫೋನ್ ಮಾಡಿ, "ಏನ್ ಟೀಚರಮ್ಮ, ನನ್ ಸೈಟಿಂದ ನನ್ನೇ ಹೊರಗೆ ಹಾಕಿದ್ದೀಯಲ್ಲ. ಇಡೀ ಭದ್ರಾವತಿಗೆ ಬಾಗಿಲು ಹಾಕ್ಬಿಟ್ಟಿದ್ದೀಯ" ಎಂದು ಗೊಣಗಿದ. ಊರಿಗೆಲ್ಲ ಟೆಲಿಫೋನಿನವರು ಅದೇ ಅಂಕಿಗಳನ್ನು ಹಂಚುತ್ತಿದ್ದರೆಂದು ನನಗೇನು ಗೊತ್ತು. ಊರಿಗೆ ಬಾಗಿಲು ಹಾಕಿದ್ದರೂ ಆ ಸಂಜೆ ವಿಮಲ ಬಂದಳು. 'ಕಾರಣ' ಪೆಟ್ಟಿಗೆ ಎಂದಿನಂತೆ ಖಾಲಿ.

ಕೊನೆಗೆ ಸೆಲ್ವಂ ಆ ಒಂದು ಪುಟಕ್ಕೆ ಬೀಗ ಹಾಕಿದ. ಇನ್ನು ಅದನ್ನು ಅವನು ಮತ್ತು ನಾನು ಬಿಟ್ಟರೆ ಯಾರೂ ಮುಟ್ಟುವಂತಿರಲಿಲ್ಲ. ಅಲ್ಲಿಗೆ ಪೀಡೆ ತೊಲಗಿತು ಎಂದುಕೊಂಡೆ. ಆದರೂ ಯಾಕೋ ನೆಮ್ಮದಿಯಿಲ್ಲ. ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ನೆಪ ಹುಡುಕಿಕೊಂಡು ಹೋಗಿ ಪುಟ ತೆರೆದು ನೋಡುತ್ತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇನ್ನೊಮ್ಮೆ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ.

ಇನ್ನು ಅಮ್ಮನ ವಿಷಯ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಶಿವಮೊಗ್ಗದ ನವುಲೆಯಲ್ಲೇ ಇದ್ದರು. ನನ್ನ ಯಜಮಾನರು ಅಲ್ಲಿನ ಕೃಷಿ ಕಾಲೇಜಿನಲ್ಲಿ ಆಫೀಸು ಕೆಲಸದಲ್ಲಿದ್ದರು. ಅಮ್ಮನದು ಒಂದು ಪಟ್ಟು: ಮಧ್ಯಾಹ್ನ ತಾವು ಉಣ್ಣುವ ಮೊದಲು ಯಾರಾದರೂ ಒಬ್ಬರು ಉಂಡಿರಬೇಕು. ಲಿಂಗಪೂಜೆ ಎಷ್ಟು ಮುಖ್ಯವೋ ಅವರಿಗೆ ಅದೂ ಅಷ್ಟೇ. ಕ್ವಾರ್ಟರ್ಸಿನಲ್ಲಿ ಅದಕ್ಕೆ ತೊಂದರೆಯೇ ಇರಲಿಲ್ಲ. ಶಿಫ್ಟ್ ಮುಗಿಸಿ ಬಂದವರು, ಬಳೆಗಾರ, ಯಾರದೋ ಊರಿನ ನೆಂಟರು, ಯಾರೋ ಒಬ್ಬರು ಸಿಗುತ್ತಿದ್ದರು. ಅಪ್ಪ ತಮಾಷೆಗೆ, "ನಿಮ್ಮಮ್ಮಂಗೆ ಹಸಿವಾದ್ರೆ ದಾರೀಲಿ ಹೋಗೋರಿಗೆ ಅದೃಷ್ಟ" ಅನ್ನುತ್ತಿದ್ದರು. ನವುಲೆಗೆ ಬಂದ ಮೇಲೆ ಆ ಒಬ್ಬರು ನನ್ನ ಯಜಮಾನರೇ ಆಗಿಬಿಟ್ಟಿದ್ದರು, ಅವರು ಮಧ್ಯಾಹ್ನ ಮನೆಗೇ ಬಂದು ಉಣ್ಣುತ್ತಿದ್ದರು.

ಆ ವರ್ಷ ಅಮ್ಮನಿಗೆ ಮರೆವು ಶುರುವಾಗಿತ್ತು. ಹಾಲಿಗೆ ಉಪ್ಪು ಹಾಕುವುದು, ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುವುದು, ಇಂಥವು. ಪುಟಕ್ಕೆ ಬೀಗ ಬಿದ್ದ ವಾರವೇ ಇರಬೇಕು, ನಾನು ಶಾಲೆಗೆ ರಜೆ ಹಾಕಿದ್ದ ಒಂದು ಮಧ್ಯಾಹ್ನ ಯಜಮಾನರು ಉಂಡು ಎದ್ದ ಮೇಲೂ ಅಮ್ಮ ತಟ್ಟೆ ಮುಂದೆ ಕೂರಲಿಲ್ಲ. "ಅವ್ಳು ಇನ್ನೂ ಉಂಡಿಲ್ಲ. ಅವ್ಳು ಉಣ್ಲಿ, ಆಮೇಲೆ ನಂಗೆ ಹಾಕು" ಎಂದರು. ಯಾರಮ್ಮ ಎಂದು ಕೇಳಿದೆ. "ವಿಮಲ" ಎಂದರು.

ನಾನು ತಕ್ಷಣ ಲೆಕ್ಕ ಹಾಕಿದೆ. ಹಾಲಿನಲ್ಲಿ ನಿಂತು ಫೋನಿನಲ್ಲಿ ಆ ಹೆಸರನ್ನು ಕಿರುಚಿದವಳು ನಾನೇ, ಅಮ್ಮ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. ಕಿವಿಗೆ ಬಿದ್ದ ಹೆಸರು ಮರೆವಿನ ತಲೆಯಲ್ಲಿ ಎಲ್ಲೋ ಅಂಟಿಕೊಂಡಿದೆ. ಲೆಕ್ಕ ಸರಿಯಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಅಮ್ಮ ಮಾತ್ರ ಉಣ್ಣಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಬಲವಂತ ಮಾಡಿದರೆ ಎರಡು ಗುಟುಕು ಹಾಲು. "ವಿಮಲ ಉಂಡು ಹೋದ್ಲಮ್ಮ, ನೀವು ಪೂಜೆಗೆ ಕೂತಿದ್ರಿ" ಎಂದು ಸುಳ್ಳು ಹೇಳಿದೆ. ಅಮ್ಮ ನನ್ನ ಮುಖ ನೋಡಿ, "ನಿಂಗೆ ಸುಳ್ಳು ಹೇಳೋಕೆ ಯಾವತ್ತು ಬಂತು" ಎಂದರು. ಮಹಡಿ ಮೇಲೆ ಬಾಡಿಗೆಗಿದ್ದ, ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿಗೆ ಕಥೆಯೆಲ್ಲ ಹೇಳಿ, ನಾನೇ ವಿಮಲ ಅನ್ನಬೇಕು ಎಂದು ಕರೆತಂದೆ. ಪಾಪ, ಆ ಹುಡುಗಿ ಚೆನ್ನಾಗೇ ನಟಿಸಿತು. ಅಮ್ಮ ಪಕ್ಕದಲ್ಲೇ ಕೂತು ತುಪ್ಪ ಹಾಕಿ, ಇನ್ನೊಂದು ರೊಟ್ಟಿ ಹಾಕಿಸಿಕೋ ಎಂದು ಉಪಚಾರ ಮಾಡಿದರು. ಅವಳು ಕೈ ತೊಳೆದು ಹೋದ ಮೇಲೆ ನನ್ನ ಕಡೆ ತಿರುಗಿ, "ಒಳ್ಳೆ ಹುಡುಗಿ. ಯಾರ ಮಗಳು? ವಿಮಲ ಎಲ್ಲಿ?" ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಡಾಕ್ಟರು ಬಂದು ನೋಡಿದರು. ಕೈಯ ಚರ್ಮ ಎಳೆದು ಬಿಟ್ಟರೆ ಎಳೆದಲ್ಲೇ ನಿಲ್ಲುತ್ತಿತ್ತು. "ಸೋಮವಾರ ಕರ್ಕೊಂಡ್ಬಂದು ಅಡ್ಮಿಟ್ ಮಾಡಿ. ಮೂಗಿಂದ ಪೈಪ್ ಹಾಕಿ ಊಟ ಕೊಡ್ಬೇಕಾಗುತ್ತೆ. ಈ ವಯಸ್ಸಿಗೆ ಎಷ್ಟು ತಡ್ಕೋತಾರೆ ಹೇಳೋಕಾಗಲ್ಲ" ಎಂದರು. ಆಸ್ಪತ್ರೆಗೆ ಹೋದರೆ ಅಮ್ಮ ಮನೆಗೆ ವಾಪಸ್ ಬರುವುದಿಲ್ಲ ಎಂದು ನನಗೆ ಒಳಗೊಳಗೇ ಗೊತ್ತಿತ್ತು.

ಭಾನುವಾರ ಯಜಮಾನರು ಆಸ್ಪತ್ರೆಯ ವ್ಯವಸ್ಥೆಗೆಂದು ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನನಗೆ ಕೂತಲ್ಲಿ ಕೂರಲಾಗದೆ ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದೆ. ಕೊನೆಗೆ ಅಮ್ಮನ ಮಂಚದ ಪಕ್ಕ ಕೂತು, ಜಗಳವಾಡದೆ, ಸುಳ್ಳಾಡದೆ ಕೇಳಿದೆ. "ವಿಮಲ ಯಾರಮ್ಮ?"

ಅಮ್ಮ ಎಷ್ಟೋ ದಿನದ ಮೇಲೆ ತಡವರಿಸದೆ ಮಾತಾಡಿದರು. ಪಂಪ್ ಮನೆಯ ಹುಡುಗಿಯಂತೆ. ನಾನು ಆಗ ಕೈಗೂಸಂತೆ. ಬಿಸಿ ಅನ್ನ ಬೇಡ ಅನ್ನುತ್ತಿದ್ದಳಂತೆ, ತಳ ಹಿಡಿದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುವಳಂತೆ. ಅಷ್ಟು ಹೊತ್ತಿಗೆ ಅಮ್ಮ ಪೂಜೆಗೆ ಕೂತಿರುತ್ತಿದ್ದರು, ಕರೆಯುವ ಹಾಗಿಲ್ಲ. ಅದಕ್ಕೆ ಅವಳು ಉಂಡಾದ ಮೇಲೆ ತಟ್ಟೆ ತೊಳೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಹೋಗಬೇಕು. ತಟ್ಟೆ ಬೋರಲಾಗಿದ್ದರೆ ಅವಳ ಊಟ ಆಯಿತು ಎಂದು ಅರ್ಥ, ಅಮ್ಮ ಉಣ್ಣಬಹುದು.

"ಒಂದಿನ ಎದ್ದು ಬಂದು ನೋಡ್ತೀನಿ, ತಟ್ಟೆ ಬೋರಲಾಗಿರ್ಲಿಲ್ಲ. ಸುಮ್ನೆ ನೆಲದ ಮೇಲಿತ್ತು. ಅವ್ಳೂ ಇರ್ಲಿಲ್ಲ. ಅವ್ಳಮ್ಮನೂ ಇರ್ಲಿಲ್ಲ. ಮತ್ತೆ ಬರ್ಲೇ ಇಲ್ಲ" ಎಂದರು ಅಮ್ಮ. "ಹಸ್ಕೊಂಡು ಹೋಯ್ತಾ ಆ ಮಗು, ಉಂಡು ಹೋಯ್ತಾ, ಅದೊಂದು ಗೊತ್ತಾಗ್ಲಿಲ್ಲ ನೋಡು. ಅವತ್ತು ನಾನು ಉಂಡ್ಬಿಟ್ಟೆ."

ಇಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಈ ತಟ್ಟೆಯ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದಿಲ್ಲ. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಫೋನ್ ಮಾಡಲಿಲ್ಲ, ಹೊರಗೆ ಹೋಗಲಿಲ್ಲ, ಯಾರೂ ಬರಲಿಲ್ಲ. ಕೈ ಸುಮ್ಮನಿರದೆ ಹಾಲಿಗೆ ಹೋಗಿ ಕಂಪ್ಯೂಟರ್ ಹಾಕಿದೆ. ಮಾತ್ರೆಯವರು ರಾಶಿ ಹಾಕಿದ್ದ ಕಸ ಗುಡಿಸುತ್ತ ಹೋದೆ. ಗುಡಿಸುತ್ತ ಗುಡಿಸುತ್ತ ನಮ್ಮ ಲೈನಿನ ಪುಟ ಬಂತು.

ಬೀಗ ಹಾಕಿದ್ದ ಹಾಗೇ ಇತ್ತು. ಅದರ ಒಳಗೆ ವಿಮಲ ಬಂದಿದ್ದಳು. ನಾನು ಅಳಿಸಿದ್ದ ವಾಕ್ಯಗಳೆಲ್ಲ ಇದ್ದವು, ಅವುಗಳ ಕೆಳಗೆ ಹೊಸದೊಂದು. 'ಕೊನೆಯ ದಿನ ವಿಮಲ ಊಟ ಮಾಡಿಯೇ ಹೋದಳು. ತಾಯಿ ಅವಸರ ಮಾಡಿದ್ದರಿಂದ ತಟ್ಟೆ ಬೋರಲು ಹಾಕುವುದು ಮರೆತಳು.'

ನನ್ನ ಕೈ ಅಭ್ಯಾಸಬಲದಿಂದ ಅಳಿಸುವ ಗುಂಡಿಯ ಮೇಲೆ ಹೋಗಿತ್ತು. ಹೆದರಿಕೆ ಎಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುವ ಹೆದರಿಕೆಯಲ್ಲ ಅದು. ಕೂಡಿಸಿದರೂ ಕಳೆದರೂ ಉತ್ತರ ಬಾರದ ಲೆಕ್ಕದ ಮುಂದೆ ಒಬ್ಬಳೇ ಕೂತ ಹೆದರಿಕೆ. ಆಮೇಲೆ ಎದ್ದು ಹೋಗಿ ಅಮ್ಮನನ್ನು ತೋಳು ಹಿಡಿದು ಎಬ್ಬಿಸಿ ಕರೆತಂದು ಕುರ್ಚಿಯಲ್ಲಿ ಕೂರಿಸಿ, ಪರದೆ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಅಮ್ಮ ಕೇಳಿದರು. "ಇನ್ನೊಂದ್ಸಲ ಓದು" ಎಂದರು. ಓದಿದೆ. ಈ ಸಲ ನನ್ನ ಮುಖ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. "ಅವಸರ ಮಾಡಿರ್ತಾಳೆ ಅವ್ಳಮ್ಮ. ಯಾವಾಗ್ಲೂ ಹಂಗೇ ಅವ್ಳು" ಎಂದರು. ಏಳಲು ನನ್ನ ಕಡೆ ಕೈ ಚಾಚಿ, "ಹಾಗಾದ್ರೆ ನಂಗೆ ಬಡಿಸು" ಎಂದರು.

ಅನ್ನ, ಸಾರು, ಮಜ್ಜಿಗೆ. ಅಷ್ಟೂ ಉಂಡರು. ಯಜಮಾನರು ಪೇಟೆಯಿಂದ ಬಂದಾಗ ಅಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಸೋಮವಾರ ನಾವು ಆಸ್ಪತ್ರೆಗೆ ಹೋಗಲಿಲ್ಲ.

ನಾನು ಸೋಮವಾರವೇ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ಬೀಗದ ಕೈ ಇದ್ದದ್ದು ಇಬ್ಬರಲ್ಲಿ. ನಾನಲ್ಲ ಎಂದ ಮೇಲೆ ಸೆಲ್ವಂ. ಅಮ್ಮ ಉಣ್ಣುತ್ತಿಲ್ಲ, ವಿಮಲ ಎಂದು ಹಂಬಲಿಸುತ್ತಿದ್ದಾರೆ ಎಂಬಷ್ಟು ಅವನಿಗೆ ನಾನೇ ಹೇಳಿದ್ದೆ. ಒಳ್ಳೆಯದಕ್ಕೇ ಬರೆದಿರಬಹುದು, ಹಾಗಿದ್ದರೆ ಅವನ ಕಾಲಿಗೆ ಬೀಳಲೂ ನಾನು ತಯಾರಿದ್ದೆ. ಅಂಗಡಿಗೆ ಹೋಗಿ ಕೇಳಿದೆ. ಅವನು ಜೆರಾಕ್ಸ್ ಮಾಡುತ್ತಿದ್ದವನು ಯಂತ್ರ ನಿಲ್ಲಿಸಿ, "ಅಕ್ಕನ ಹಾಗೆ ನೋಡ್ತೀನಿ ನಿನ್ನ. ನಿಮ್ಮಮ್ಮ ನಂಗೂ ಅನ್ನ ಹಾಕಿದ್ದಾರೆ. ಅವರ ಊಟದ ವಿಷಯದಲ್ಲಿ ಸುಳ್ಳು ಬರೀತೀನಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ತಟ್ಟೆಯ ಮಾತು ಅವನಿಗೆ ಹೇಗೆ ಗೊತ್ತಾಗಬೇಕು ಎಂಬುದು ನನಗೆ ಆಮೇಲೆ ಹೊಳೆಯಿತು. ಆ ಮಾತು ಆಡಿದಾಗ ಮನೆಯಲ್ಲಿದ್ದದ್ದು ನಾವಿಬ್ಬರೇ.

"ಸಾಫ್ಟ್‌ವೇರ್ ಅಗ್ಗದ್ದು, ಬೀಗ ಕೆಟ್ಟಿರ್ಬೇಕು" ಎಂದ. ಬೀಗ ಕೆಟ್ಟಿತ್ತು ಅನ್ನೋಣ. ಒಳಗೆ ಬಂದವರು ಯಾರು? ಅವನ ಸ್ಕೂಟರಿನಲ್ಲಿ ಇಬ್ಬರೂ ಕ್ವಾರ್ಟರ್ಸಿಗೆ ಹೋದೆವು. ನಮ್ಮ ಲೈನಿನ ಮನೆಗಳೆಲ್ಲ ಖಾಲಿ ಬಿದ್ದಿದ್ದವು. ಪಂಪ್ ಮನೆಯ ಬಾಗಿಲು ಮುರಿದಿತ್ತು. ಒಳಗೆ ಒಂದು ಮೂಲೆಯ ಗೋಡೆ ಒಲೆ ಉರಿಸಿದ ಹಾಗೆ ಕಪ್ಪಾಗಿತ್ತು. ಪಂಪಿನವನು ಟೀ ಕಾಯಿಸುತ್ತಿದ್ದಿರಬೇಕು ಎಂದ ಸೆಲ್ವಂ. ಇರಬಹುದು ಎಂದೆ. ನಾನು ಕೈಗೂಸಾಗಿದ್ದಾಗ ಅಲ್ಲಿ ಯಾರಿದ್ದರೆಂದು ನನಗೆ ಗೊತ್ತಿರಲು ಸಾಧ್ಯವಿಲ್ಲ, ಅವನಿನ್ನೂ ಹುಟ್ಟಿರಲೇ ಇಲ್ಲ. ಲೈನಿನ ಹಿರಿಯರಲ್ಲಿ ಉಳಿದದ್ದು ಅಮ್ಮ ಒಬ್ಬರೇ.

ಆಮೇಲೆ ಅಮ್ಮನ ಮರೆವು ಕಡಿಮೆಯಾಗಲಿಲ್ಲ. ನನ್ನ ಹೆಸರೂ ಹೋಯಿತು, ಅಪ್ಪನ ಹೆಸರೂ ಹೋಯಿತು. ಆದರೆ ಊಟಕ್ಕೆ ಒಂದು ದಿನವೂ ಹಟ ಮಾಡಲಿಲ್ಲ. ಒಮ್ಮೊಮ್ಮೆ ಬಡಿಸುವ ಮೊದಲು, "ಆ ಹುಡುಗಿದು ಆಯ್ತಲ್ಲ?" ಎನ್ನುವರು. ಆಯ್ತಮ್ಮ ಎಂದರೆ ನಂಬುವರು. ಪುಟವನ್ನು ನಾನು ಮುಟ್ಟಲಿಲ್ಲ. ಇಲ್ಲದ ಮನೆಯಲ್ಲಿ ವಿಮಲ ಮತ್ತು ಅವಳ ತಾಯಿ ಇದ್ದರು ಎಂದೇ ಅದು ಹೇಳುತ್ತಿತ್ತು. ಹೊಸ ವಾಕ್ಯ ಯಾವುದೂ ಬರಲಿಲ್ಲ.

ಮುಂದಿನ ವರ್ಷ ಅಮ್ಮ ಲಿಂಗೈಕ್ಯರಾದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ, ಅಷ್ಟೇ. ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಸೆಲ್ವಂ ಬೆಳಿಗ್ಗೆಯಿಂದ ಸೌಟು ಹಿಡಿದವನು ಕೊನೆಯ ಪಂಕ್ತಿ ಏಳುವವರೆಗೂ ಕೆಳಗಿಡಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ, ಶಾಮಿಯಾನದವರು ಕಂಬ ಕೀಳುತ್ತಿದ್ದಾಗ, ಏನು ಮಾಡಲೂ ತೋಚದೆ ಕಂಪ್ಯೂಟರ್ ಮುಂದೆ ಕೂತೆ. ಎಷ್ಟೋ ದಿನದ ಕಸ ಬಿದ್ದಿತ್ತು. ಗುಡಿಸಿಕೊಂಡು ಬಂದೆ.

ನಮ್ಮ ಲೈನಿನ ಪುಟದಲ್ಲಿ ವಿಮಲ ಇರಲಿಲ್ಲ. ಅವಳ ಬಗ್ಗೆ ಬರೆದಿದ್ದ ಒಂದು ಅಕ್ಷರವೂ ಇರಲಿಲ್ಲ. ಅವತ್ತು ಮಧ್ಯಾಹ್ನ, ನಮ್ಮ ಮನೆಯಲ್ಲಿ ಪಂಕ್ತಿ ನಡೆಯುತ್ತಿದ್ದ ಹೊತ್ತಿನಲ್ಲಿ, ಯಾರೋ ಅಷ್ಟನ್ನೂ ಅಳಿಸಿದ್ದರು. ಹೆಸರಿನ ಜಾಗದಲ್ಲಿ ಅದೇ ಅರ್ಥವಾಗದ ಅಂಕಿಗಳು. ಆದರೆ 'ಕಾರಣ' ಪೆಟ್ಟಿಗೆ ಮೊದಲ ಸಲ ತುಂಬಿತ್ತು.

'ಇಬ್ಬರದೂ ಊಟ ಆಯಿತು.'

ನಮ್ಮದೇ ನಿಯಮದ ಪ್ರಕಾರ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಚರ್ಚಿಸದೆ ಪೂರ್ತಿ ಅಳಿಸಿದರೆ ಅದು ಕಿಡಿಗೇಡಿತನ. ಗುಂಡಿ ಒತ್ತಿ ಮರಳಿ ತರಬೇಕು. ನಾನು ಒತ್ತಲಿಲ್ಲ. ಕಂಪ್ಯೂಟರ್ ಆರಿಸಿ ಅಮ್ಮನ ಮಂಚದ ಮೇಲೆ ಹೋಗಿ ಕೂತೆ.

ಸೈಟು ಕೆಲವು ವರ್ಷಗಳ ಮೇಲೆ ನಿಂತುಹೋಯಿತು, ಮಾತ್ರೆಯವರ ಕಾಟಕ್ಕೆ ಸೆಲ್ವಂ ಕೈಚೆಲ್ಲಿದ. ಅವನು ಈಗಲೂ ಬೀಗ ಕೆಟ್ಟಿತ್ತು ಅನ್ನುತ್ತಾನೆ. ಸ್ಟಾಫ್ ರೂಮಿನಲ್ಲಿ ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಂಡು ನೋಡಿದ್ದೇನೆ, ಪ್ರತಿ ಸಲವೂ ಎಲ್ಲೋ ಒಂದು ಹೆಜ್ಜೆ ಉಳಿದುಬಿಡುತ್ತದೆ. ನವುಲೆಯ ಮನೆಯ ಹಿತ್ತಲಲ್ಲೂ ಒಂದು ಒಗೆಯುವ ಕಲ್ಲಿದೆ. ಮಧ್ಯಾಹ್ನ ಉಂಡ ಮೇಲೆ ನಾನು ತಟ್ಟೆ ತೊಳೆದು ಅದರ ಮೇಲೆ ಬೋರಲು ಹಾಕಿ ಬರುತ್ತೇನೆ. ಯಾರಿಗೆ ತಿಳಿಯಲಿ ಅಂತ ಕೇಳಬೇಡಿ.